ನಾವು ಎಲ್ಲಿ ಮಲಗೋದು?

ಅಮೆರಿಕದಲ್ಲಿ ಕೆಲಸಕ್ಕೋಸ್ಕರ ಊರು ಬದಲಾಯಿಸಿದರೆ ಯಾರಾದರೊಬ್ಬರು ಹೇಳೇ ಹೇಳುತ್ತಾರೆ, "ಡ್ಯೂಪ್ಲೆಕ್ಸ್ ತಗೊಳ್ಳಿ, ಒಂದರಲ್ಲಿ ನೀವಿರಿ, ಇನ್ನೊಂದರ ಬಾಡಿಗೆಯಲ್ಲಿ ಕಂತು ಕಟ್ಟಿ." (ನಮ್ಮ ಕಡೆ ಡ್ಯೂಪ್ಲೆಕ್ಸ್ ಅಂದ್ರೆ ಒಳಗೇ ಮೆಟ್ಟಿಲಿರೋ ಮನೆ ಅಲ್ವಾ? ಇಲ್ಲಿ ಎರಡು ಸಂಸಾರದ ಮನೆ.) ನಾವೂ ಹೊರಟೆವು.

ಸಾಲದಲ್ಲೇ ಮೊದಲ ಪೆಟ್ಟು ಬಿತ್ತು. ಎಫ್‌ಎಚ್‌ಎ ಸಾಲದಲ್ಲಿ (ಅಲ್ಲಿನ ಸರ್ಕಾರ ವಿಮೆ ಕೊಡೋ ಗೃಹಸಾಲ) ನಾಲ್ಕು ಮನೆಗಳ ಕಟ್ಟಡಕ್ಕೂ ಬೆಲೆಯ ಶೇ. 3.5 ಕೈಯಿಂದ ಹಾಕಿದರೆ ಸಾಕು ಅಂತ ಓದಿ ಖುಷಿಯಾಗಿದ್ದೆ. ಆದರೆ 2025ರ ಮೇ 25ರಿಂದ ಎಚ್‌1ಬಿ ವೀಸಾದವರಿಗೆ ಅದು ಸಿಗುವುದಿಲ್ಲ. ನಾನು ಎಚ್‌1ಬಿ. ಉಳಿದದ್ದು ಫ್ಯಾನಿ ಮೇ (ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳೋ ಸಂಸ್ಥೆ) ನಿಯಮದ ಸಾಲ. ಅದರಲ್ಲಿ ಮೊದಲು ಎರಡು ಮನೆಯ ಕಟ್ಟಡಕ್ಕೆ ಶೇ. 15 ಹಾಕಬೇಕಿತ್ತು, 2023ರ ನವೆಂಬರ್‌ನಿಂದ ನಾವೇ ವಾಸಕ್ಕಿದ್ದರೆ ಶೇ. 5 ಸಾಕು. ಒಂದೇ ಷರತ್ತು: 60 ದಿನದೊಳಗೆ ಹೋಗಿ ಸೇರಬೇಕು, ಒಂದು ವರ್ಷ ಅಲ್ಲೇ ಇರಬೇಕು.

ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ನಮಗೆ ಹಿಡಿಸಿದ ಮನೆಯಲ್ಲಿ ಮೇಲೂ ಕೆಳಗೂ ಬಾಡಿಗೆಯವರಿದ್ದರು. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ, ಮನೆ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ. ಕೆಳಗಿನವರ ಕರಾರು ಇನ್ನೂ ಏಳು ತಿಂಗಳಿತ್ತು. ಮೇಲಿನವರದ್ದು ಮುಗಿದು, ತಿಂಗಳ ಲೆಕ್ಕದಲ್ಲಿ ಇದ್ದರು. ಏಜೆಂಟ್ "ಅದೆಲ್ಲ ಹೇಗೋ ಆಗುತ್ತೆ" ಅಂದರು. ನಾನು ಅಡುಗೆಮನೆಯ ಕಿಟಕಿ ನೋಡಿಕೊಂಡು ತಲೆಯಾಡಿಸುತ್ತಿದ್ದೆ. ಹೆಂಡತಿ ಕೇಳಿದಳು, "ಅಲ್ಲಾರೀ, ನಾವು ಎಲ್ಲಿ ಮಲಗೋದು?"

ಮೇಲಿನ ಮನೆ ಖಾಲಿಯಾಗಿ ಕೈಗೆ ಬರೋವರೆಗೂ ಕ್ಲೋಸಿಂಗ್ (ದುಡ್ಡು ಕೊಟ್ಟು ಮನೆ ನಮ್ಮ ಹೆಸರಿಗೆ ಮಾಡಿಕೊಳ್ಳೋದು) ಇಲ್ಲ ಅಂತ ಬರೆಸಿಕೊಂಡೆವು. ಕೆಳಗಿನವರ ಹತ್ತಿರ ಎಸ್ಟಾಪಲ್ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು; ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕರಾರು ಎಲ್ಲಿಯವರೆಗೆ ಅಂತ ಅವರೇ ಬರೆದುಕೊಡೋ ಕಾಗದ ಅದು. ನೋಡಿದರೆ ಮಾರುವವರು ಹೇಳಿದ್ದಕ್ಕಿಂತ ಬಾಡಿಗೆ 150 ಡಾಲರ್ ಕಡಿಮೆ! ಸುಮ್ನೆ ನಂಬಿದ್ದರೆ ನನ್ನ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ಇಷ್ಟೆಲ್ಲ ನೋಡಿದ ನಾನು ಮನೆ ಬೆಚ್ಚಗಿಡೋ ಬಾಯ್ಲರ್ ನೋಡಲಿಲ್ಲ. ಎರಡು ಮನೆಗೂ ಒಂದೇ. ಹೀಟಿಂಗ್ ಬಿಲ್ ನನ್ನ ಹೆಸರಲ್ಲಿ ಬರುತ್ತದೆ, ಬಿಸಿ ಹೆಚ್ಚುಕಡಿಮೆ ಮಾಡೋ ಥರ್ಮೋಸ್ಟಾಟ್ ಕೆಳಗಿನವರ ಗೋಡೆ ಮೇಲಿದೆ. ಅವರಿಗೆ ಚಳಿ ಜಾಸ್ತಿ.