ಮಾಳಿಗೆ ಮೇಲಿನ ನಕ್ಷತ್ರ

ಅಕ್ಟೋಬರ್ 12, 2025, ಭಾನುವಾರ
ಬೆಟಗೇರಿ, ಗದಗ

ಸೀಗಿ ಹುಣ್ಣಿಮೆ ಮುಗಿದು ಇನ್ನೂ ವಾರ ಆಗಿಲ್ಲ. ಹೊಲದಿಂದ ಬಂದ ಶೇಂಗಾ ಒಣಹಾಕಲು ಅತ್ತೆ ಹತ್ತು ಗಂಟೆಗೆ ಮಾಳಿಗೆ ಹತ್ತಿದ್ದರು. ಅಲ್ಲಿಂದಲೇ ಕೂಗಿದರು. "ಯವ್ವಾ, ಇಲ್ಲೆಲ್ಲೋ ಇಲಿ ಸತ್ತೈತಿ ನೋಡ. ಟಾಕಿ ಹಿಂದ ಹುಡುಕು."

ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದೆ. ಇಲಿ ಅಲ್ಲ ಅಂತ ನನಗೆ ಗೊತ್ತಿತ್ತು. ಹನ್ನೆರಡು ದಿನದಿಂದ ಒಂದು ಮೊಗ್ಗು ಉಬ್ಬುತ್ತಾ ಬಂದಿತ್ತು. ಗಾಳಿ ತುಂಬಿದ ಕಾಗದದ ಪೊಟ್ಟಣದ ಹಾಗೆ, ಐದು ಹೊಲಿಗೆ ಹಾಕಿದಂತೆ. ಇವತ್ತು ಆ ಹೊಲಿಗೆ ಬಿಚ್ಚಿತ್ತು.

ಸ್ಟೆಪೀಲಿಯಾ ಜೈಗಾಂಟಿಯಾ. ಮೂರು ವರ್ಷ ಕಾದ ಹೂವು. ಮಗನ ಸ್ಕೇಲ್ ತಂದು ಅಳೆದೆ. ಒಂದು ಎಸಳಿನ ತುದಿಯಿಂದ ಎದುರು ತುದಿಗೆ 27 ಸೆಂಟಿಮೀಟರ್. ಒಂದು ಮೊಳಕ್ಕಿಂತ ಎತ್ತರ ಇಲ್ಲದ ಗಿಡದಲ್ಲಿ ಊಟದ ತಾಟಿನಷ್ಟು ಹೂವು! ತೆಳು ಹಳದಿ ಬಣ್ಣ, ಅದರ ಮೇಲೆ ಅಡ್ಡಡ್ಡ ಸಣ್ಣ ಕೆಂಗಂದು ಗೆರೆಗಳು. ಅಂಚಿಗೆ ಬಿಳಿ ಕೂದಲು. ಮುಟ್ಟಿದರೆ ಎಳೆ ಕರುವಿನ ಕಿವಿ ಮುಟ್ಟಿದ ಹಾಗೆ ಆಯಿತು.

ಮೂಗು ಮುಚ್ಚಿಕೊಂಡು ಅತ್ತೆಯೂ ಬಗ್ಗಿ ನೋಡಿದರು. ಇಷ್ಟು ಚಂದದ ಹೂವಿಗೆ ಈ ನಾತ ಯಾಕೆ ಅಂತ ಅವರ ಪ್ರಶ್ನೆ. ಹೇಳಿದೆ. ಇದರ ತವರು ಆಫ್ರಿಕಾದ ದಕ್ಷಿಣ ಮತ್ತು ಪೂರ್ವ ಭಾಗದ ಒಣ ನೆಲ. ಅಲ್ಲಿ ಇದು ನಂಬಿಕೊಂಡಿರುವುದು ಜೇನನ್ನಲ್ಲ, ನೊಣವನ್ನು. ಸತ್ತ ಪ್ರಾಣಿಯ ಚರ್ಮದಂಥ ಬಣ್ಣ, ಅದೇ ಕೂದಲು, ಅದೇ ವಾಸನೆ. ನೊಣ ಮೋಸಹೋಗಿ ಬರುತ್ತದೆ, ನಡುವಿನಲ್ಲಿ ಓಡಾಡುತ್ತದೆ, ಪರಾಗದ ಪುಟ್ಟ ಗಂಟು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಹೂವಿಗೆ ಹೋದಾಗ ಆ ಗಂಟು ಅಲ್ಲಿ ಕೂರುತ್ತದೆ.

ಹನ್ನೊಂದರ ಹೊತ್ತಿಗೆ ಏಳೆಂಟು ನೊಣ ಬಂದವು. ಹಸಿರು ಹೊಳೆಯುವ ದೊಡ್ಡ ನೊಣಗಳು. ಮಧ್ಯಾಹ್ನ ನೋಡಿದರೆ ಹೂವಿನ ನಡುವೆ ಅಕ್ಕಿ ನುಚ್ಚಿನಂತೆ ಬಿಳಿ ಮೊಟ್ಟೆಗಳು. ಮಾಂಸ ಅಂತ ನಂಬಿ ಇಟ್ಟಿವೆ. ಮರಿಹುಳು ಹೊರಬಂದರೆ ತಿನ್ನಲು ಅಲ್ಲಿ ಏನೂ ಇರುವುದಿಲ್ಲ, ಸಾಯುತ್ತವೆ. ಇದನ್ನು ಓದಿ ತಿಳಿದಿದ್ದೆ. ಕಣ್ಣಾರೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ತುಂಬ ಹೊತ್ತು ಅಲ್ಲೇ ಕೂತಿದ್ದೆ.

ಇದು ಕಳ್ಳಿ ಅಲ್ಲ. ನೋಡಲು ಹಾಗಿದೆ, ಅಷ್ಟೇ. ಇದು ಎಕ್ಕದ ಬಳಗ. ನಮ್ಮ ರೈಲು ಹಳಿ ಪಕ್ಕ ಬೆಳೆಯುವ ಎಕ್ಕದ ಕಾಯಿ ಒಡೆದಾಗ ರೇಷ್ಮೆ ಕೂದಲು ಹೊತ್ತ ಬೀಜ ಹಾರುತ್ತವಲ್ವಾ? ಇದರ ಬೀಜಕ್ಕೂ ಅಂಥದೇ ಕೂದಲು. ಕಾಯಿ ಮಾತ್ರ ಜೋಡಿ ಕೊಂಬಿನ ಹಾಗೆ ನಿಲ್ಲುತ್ತದೆ. ನನ್ನ ಹತ್ತಿರ ಇರುವ ದಪ್ಪ ಬುಡದ ಹೂಗಿಡ ಅಡೇನಿಯಂ ಕೂಡ ಇದೇ ಬಳಗದ್ದು.

ಮೊದಲ ಗಿಡವನ್ನು ನಾನೇ ಕೊಂದೆ. ಅದನ್ನು ಇಲ್ಲಿ ಬರೆದಿಡಬೇಕು. ಹೊಲದ ಎರೆಮಣ್ಣು ಫಲವತ್ತು ಅಂತ ಕುಂಡಕ್ಕೆ ತುಂಬಿ, ದಿನಾ ಒಂದು ಚೊಂಬು ನೀರು ಹಾಕಿದೆ. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋಳಕ್ಕೆ, ಕಡಲೆಗೆ ಅದೇ ವರ, ಈ ಗಿಡಕ್ಕೆ ಅದೇ ವಿಷ. ಇಪ್ಪತ್ತು ದಿನಕ್ಕೆ ಬುಡ ಕಪ್ಪಾಗಿ ಮೆತ್ತಗಾಯಿತು. ತುದಿಯ ಒಂದು ಗೇಣು ಮಾತ್ರ ಗಟ್ಟಿ ಇತ್ತು. ಅದನ್ನು ಕತ್ತರಿಸಿ, ಗಾಯ ಒಣಗಲೆಂದು ನೆರಳಲ್ಲಿ ಒಂದು ವಾರ ಬಿಟ್ಟೆ. ಆಮೇಲೆ ಗರಸಿನ, ಅಂದರೆ ಸಣ್ಣ ಕಲ್ಲುಮಣ್ಣಿನ, ಮೇಲೆ ಸುಮ್ನೆ ಮಲಗಿಸಿದೆ. ಬೇರು ತಾನಾಗಿ ಇಳಿಯಿತು. ಇವತ್ತು ಅರಳಿದ್ದು ಆ ತುಂಡು.

ಈಗ ಕೆಂಪು ಮಸಾರಿ ಮಣ್ಣು ಒಂದು ಪಾಲು, ಗರಸು ಮತ್ತು ದಪ್ಪ ಮರಳು ಎರಡು ಪಾಲು. ಬೇರು ಆಳಕ್ಕೆ ಹೋಗುವುದಿಲ್ಲ, ಹಾಗಾಗಿ ಅಗಲವಾದ ಗಿಡ್ಡ ಮಣ್ಣಿನ ಕುಂಡ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರು. ಮಳೆಗಾಲದಲ್ಲಿ ತಗಡಿನ ಕೆಳಗೆ. ಮೇ ತಿಂಗಳ ಬಿಸಿಲಿಗೆ ಕಾಂಡ ಕೆಂಪಾಗುತ್ತದೆ, ಆಗ ಹಸಿರು ಪರದೆ ಕಟ್ಟುತ್ತೇನೆ. ಹಿಟ್ಟು ತಿಗಣೆ ಎಂಬ ಬಿಳಿ ಕೀಟ ಬೇರಲ್ಲಿ ಅಡಗುತ್ತದೆ, ವರ್ಷಕ್ಕೊಮ್ಮೆ ಕಿತ್ತು ನೋಡಲೇಬೇಕು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೂವಿನ ಸುದ್ದಿ ಹೇಳಿದೆ. ಅವರು ಮುಂಡರಗಿ ಕಡೆಯವರು. ಚಿಕ್ಕವರಿದ್ದಾಗ ಕುರಿ ಕಾಯಲು ಗುಡ್ಡಕ್ಕೆ ಹೋದರೆ, ಬಂಡೆ ಸಂದಿಯಲ್ಲಿ ನಾಲ್ಕು ಏಣಿನ ಹಸಿರು ಕಾಂಡ ಸಿಗುತ್ತಿತ್ತಂತೆ. ಮುರಿದು ಉಪ್ಪು ಹಚ್ಚಿ ತಿನ್ನುತ್ತಿದ್ದರಂತೆ. "ಹಸಿವು ಹೋಕ್ಕಿತ್ತವಾ" ಅಂದರು. ಅವರು ಹೇಳಿದ ರೂಪ ನೋಡಿದರೆ ಅದು ಕರಲ್ಲುಮ. ಸ್ಟೆಪೀಲಿಯಾದ ಹತ್ತಿರದ ನೆಂಟ, ನಮ್ಮ ನಾಡಿನದೇ. ಆಫ್ರಿಕಾದ ಗಿಡಕ್ಕೆ ಮೂರು ವರ್ಷ ಕಾದ ನಾನು ಮನೆಯ ನೆಂಟನನ್ನು ಇನ್ನೂ ಕಂಡಿಲ್ಲ ಎಂಬುದು ಮನಸ್ಸಿಗೆ ಚುಚ್ಚಿತು. ಮಳೆ ನಿಂತ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗಬೇಕು. ನೋಡಲು ಮಾತ್ರ. ಆ ಕಡೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಒಂದು ತುಂಡೂ ತರಬಾರದು. ಕಾನೂನು ಇಲ್ಲದಿದ್ದರೂ ತರಬಾರದು ಅಂತಲೇ ನನ್ನ ಅಭಿಪ್ರಾಯ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ಎಕ್ಕಿ ಬಳಗ ಅಂದಿ. ಹಂಗಾರ ಶನಿವಾರ ಹನುಮಪ್ಪಗ ಏರಸಬಹುದೇನು?" ಎರಡು ಮೂರು ದಿನಕ್ಕೆ ಹೂವು ಬಾಡುತ್ತದೆ, ಶನಿವಾರದವರೆಗೆ ಇರುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಲೆ ಹೋಗಿ ಶೇಂಗಾ ಹಾಸಿದ್ದ ತಾಡಪಾಲನ್ನು ಕುಂಡದಿಂದ ದೂರ ಎಳೆದು ಬಂದರು. ಕುಂಡವನ್ನು ಮುಟ್ಟಲಿಲ್ಲ.

ಈಗಷ್ಟೇ ನಳ ಬಂತು, ಎಂಟು ದಿನದ ಮೇಲೆ. ಟಾಕಿ ತುಂಬುತ್ತಿದೆ. ಮಲ್ಲಿಗೆಗೆ, ತುಳಸಿಗೆ ನೀರು ಹಾಕಿ ಬಂದೆ. ಆ ಕುಂಡಕ್ಕೆ ಗುರುವಾರ.