ಮೊದಲ ಸಾಲಲ್ಲೇ ಹೇಳಿಬಿಡಿ

ಇವತ್ತು ಒಂದು ಮಿಕ್ಸಿ ರಿವ್ಯೂ ಕಣ್ಣಿಗೆ ಬಿತ್ತು.
ಚಟ್ನಿ ನುಣ್ಣಗಾಗುತ್ತೆ, ಸದ್ದು ಕಮ್ಮಿ, ಜಾರ್ ಗಟ್ಟಿ.
'ಇನ್ನಷ್ಟು' ಒತ್ತಿದರೆ ಉದ್ದಕ್ಕೂ ಹ್ಯಾಶ್‌ಟ್ಯಾಗ್. ಅದರ ಮಧ್ಯೆ ಎಲ್ಲೋ ಇಂಗ್ಲಿಷಲ್ಲಿ 'ಆ್ಯಡ್'.

ಕಂಪನಿಯಿಂದ ಏನೋ ಪಡೆದು ಮಾಡಿದ ಪ್ರಚಾರ ಅಂತ ಹೇಳಿದ ಹಾಗಲ್ಲ ಇದು, ಬಚ್ಚಿಟ್ಟ ಹಾಗೆ.

ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಜಾಹೀರಾತು ಮಾನದಂಡಗಳ ಮಂಡಳಿ (ASCI) 2021ರಲ್ಲೇ ನಿಯಮ ತಂದಿದೆ. ಬರಹವಾದರೆ 'ಇದು ಪ್ರಚಾರ' ಅನ್ನೋ ಮಾಹಿತಿ ಮೊದಲ ಎರಡು ಸಾಲಿನೊಳಗೆ, ಏನೂ ಒತ್ತದೆ ಕಾಣಬೇಕು. 15 ಸೆಕೆಂಡಿನವರೆಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್. 2 ನಿಮಿಷದೊಳಗಿನದಕ್ಕೆ ವಿಡಿಯೊದ ಮೂರನೇ ಒಂದು ಭಾಗದಷ್ಟು ಹೊತ್ತು. ಇನ್ನೂ ಉದ್ದವಿದ್ದರೆ, ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ.

2023ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಸೂಚನೆ ನಮಗೆ ಇನ್ನೂ ಮುಖ್ಯ: ಪ್ರಚಾರ ಯಾವ ಭಾಷೆಯಲ್ಲೋ, ಈ ಮಾಹಿತಿಯೂ ಅದೇ ಭಾಷೆಯಲ್ಲಿರಬೇಕು. ಕನ್ನಡ ವಿಡಿಯೊ ನೋಡುವ ಅಜ್ಜಿಗೆ 'ಕೊಲ್ಯಾಬ್' (ಕಂಪನಿ ಜೊತೆ ಸೇರಿ ಮಾಡಿದ್ದು) ಅಂದರೆ ಏನು ತಿಳಿಯಬೇಕು?

'ದುಡ್ಡು ತಗೊಂಡಿಲ್ಲ, ಮಿಕ್ಸಿ ಮಾತ್ರ ಕೊಟ್ಟರು' ಅನ್ನುವವರಿದ್ದಾರೆ. ಪುಕ್ಕಟೆ ವಸ್ತು, ರಿಯಾಯಿತಿ, ಹೋಟೆಲ್ ವಾಸ, ಪ್ರವಾಸ ಎಲ್ಲವೂ ಲೆಕ್ಕಕ್ಕೆ ಬರುತ್ತೆ. ದಾರಿ ತಪ್ಪಿಸುವ ಪ್ರಚಾರ ಅಂತ ಸಾಬೀತಾದರೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ನನಗೆ ದಂಡಕ್ಕಿಂತ, ರಿವ್ಯೂ ಮಾಡುವವರು ಕಂಪನಿ ಜೊತೆ ಮಾಡಿಕೊಳ್ಳುವ ಒಪ್ಪಂದದ್ದೇ ಚಿಂತೆ. 'ಪೋಸ್ಟ್ ಮಾಡುವ ಮುಂಚೆ ನಮಗೆ ತೋರಿಸಿ' ಅಂತ ಒಂದು ಷರತ್ತು ಇದ್ದರೆ ಸಾಕು, 'ಅರ್ಧ ಗಂಟೆ ಓಡಿದರೆ ಮೋಟರ್ ಬಿಸಿಯಾಗುತ್ತೆ' ಅನ್ನೋ ಸಾಲು ಹಾರಿಹೋಗುತ್ತೆ. ಕೊಳ್ಳುವವರಿಗೆ ಬೇಕಾಗಿದ್ದು ಆ ಸಾಲೇ.

ರಿವ್ಯೂ ಮಾಡುವ ಗೆಳೆಯರೇ, ಸಹಿ ಹಾಕುವ ಮುಂಚೆ ಆ ಷರತ್ತು ಹೊಡೆದುಹಾಕಿಸಿ. ಒಪ್ಪದಿದ್ದರೆ ಮಿಕ್ಸಿ ವಾಪಸ್ ಕಳಿಸಿ.