ನನ್ನ ಪುಸ್ತಕ, ನನ್ನ ಪೆನ್ನು, ಅವರ ಚಿಪ್ಪುಹಂದಿ

ನಮ್ಮ ಅನಿಮೇಷನ್ ಸ್ಟುಡಿಯೋದ ಫ್ಲೋರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು, "ಅಕ್ಕ, ಮನೇಲಿ ಬಿಡಿಸಿದ ಸ್ಕೆಚ್ ಇನ್‌ಸ್ಟಾಗ್ರಾಂಗೆ ಹಾಕಿದ್ರೆ ಏನೂ ಆಗಲ್ಲ ಅಲ್ವಾ?" ಟೇಬಲ್ ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿ ನಗಲು ಶುರು ಮಾಡಿದರು. ಹಾಗೆ ಹಾಕಿ ಸಿಕ್ಕಿಬಿದ್ದವಳು ನಾನೇ. ಆಗ ನಾವು ಕೆಲಸ ಮಾಡುತ್ತಿದ್ದ ಕಾರ್ಟೂನ್ ಸೀರೀಸ್ ಈಗ ಟೀವಿಯಲ್ಲಿ ಬಂದು ಹೋಗಿದೆ, ಹಾಗಾಗಿ ಬರೆಯಬಹುದು. ಸೀರೀಸ್ ಹೆಸರು ಮಾತ್ರ ಕೇಳಬೇಡಿ.

ಆಗ ನಾನು ಜೂನಿಯರ್ ಅನಿಮೇಟರ್. ಟೊರಾಂಟೊದ ಕ್ಲೈಂಟು, ಪ್ರೀಸ್ಕೂಲ್ ಸೀರೀಸ್, 11 ನಿಮಿಷದ ಎಪಿಸೋಡುಗಳು, ಹಾರ್ಮನಿ ಸಾಫ್ಟ್‌ವೇರಿನಲ್ಲಿ ರಿಗ್ ಅನಿಮೇಷನ್, ಅಂದರೆ ಕೀಲುಗಳಿರುವ ಡಿಜಿಟಲ್ ಗೊಂಬೆಯನ್ನು ಆಡಿಸುವುದು. ದಿನಕ್ಕೆ ಇಷ್ಟು ಸೆಕೆಂಡು ಅಂತ ಕೋಟಾ. ಬ್ಲಾಕಿಂಗ್ (ಮೊದಲು ಮುಖ್ಯ ಭಂಗಿಗಳು), ನೋಟ್ಸ್ (ತಿದ್ದಲು ಹೇಳಿದ್ದು), ರಿಟೇಕ್ (ತಿದ್ದಿ ಮತ್ತೆ ಮಾಡುವುದು), ಮತ್ತೆ ರಿಟೇಕ್. ಡಿಸೈನ್ ಅವರದು, ಬೋರ್ಡ್ (ಕಥೆಯನ್ನು ಶಾಟ್ ಶಾಟ್ ಆಗಿ ಬಿಡಿಸಿದ್ದು) ಅವರದು, ಅನಿಮ್ಯಾಟಿಕ್ (ಆ ಚಿತ್ರಗಳನ್ನು ಜೋಡಿಸಿದ ಕಚ್ಚಾ ವಿಡಿಯೋ) ಕೂಡ ಅಲ್ಲಿಂದಲೇ ಬರುತ್ತದೆ. ಕೈಕಾಲು ಆಡಿಸುವುದು ಮಾತ್ರ ನಮ್ಮ ಕೆಲಸ. ಕಾಲೇಜಿನಲ್ಲಿ ಚಿತ್ರ ಬಿಡಿಸುತ್ತಾಳೆ ಅಂತ ಹೆಸರಿದ್ದವಳು ನಾನು, ಇಲ್ಲಿ ಬಂದ ಮೇಲೆ ಪೆನ್ಸಿಲ್ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಆ ಚಪಲ ತೀರಿಸಿಕೊಳ್ಳಲು ಭಾನುವಾರ ಗಾಂಧಿ ಬಜಾರಿಗೆ ಹೋಗುತ್ತಿದ್ದೆ. ಹೂವು ಕಟ್ಟುವವರ ಬೆರಳು, ಸ್ಕೂಟರ್ ಮೇಲೆ ಕೂತೇ ಚೌಕಾಸಿ ಮಾಡುವವರು, ಇಂಥವೇ. ಜನವರಿಯಲ್ಲಿ ಚಿತ್ರಸಂತೆ ಬಂದರೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಗಳಿಗೆ ಬೆನ್ನು ಹಾಕಿ ನಿಂತು, ಚಿತ್ರ ನೋಡುವ ಜನರನ್ನು ಬಿಡಿಸುತ್ತಿದ್ದೆ. ಚೆನ್ನಾಗಿ ಬಂದದ್ದನ್ನು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದೆ. ನೋಡುವವರು ಜಾಸ್ತಿ ಇರಲಿಲ್ಲ. ಅರ್ಧ ಜನ ಆಫೀಸಿನವರು, ಇನ್ನರ್ಧ ಚಿಕ್ಕಮ್ಮನ ಮಕ್ಕಳು.

ಅಷ್ಟರಲ್ಲಿ ಸೀಸನ್ 2 ಶುರುವಾಯಿತು. ಹೊಸ ಕ್ಯಾರೆಕ್ಟರ್ ಒಂದು ಬಂತು. ಚಿಪ್ಪುಹಂದಿ ಮರಿ. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ನೋಡಲು ಮುದ್ದು, ರಿಗ್ ಮಾತ್ರ ನರಕ. ಬೆನ್ನು ಬಗ್ಗಿಸಿದರೆ ಚಿಪ್ಪುಗಳು ಒಂದರ ಮೇಲೊಂದು ಹತ್ತುವ ಬದಲು ಒಂದರೊಳಗೊಂದು ನುಗ್ಗುತ್ತಿದ್ದವು. ಅದು ಸುತ್ತಿಕೊಳ್ಳುವಾಗ ಮೊದಲು ಮೂಗು ಒಳಗೆ ಹೋಗುತ್ತದೋ ಬಾಲ ಮೇಲೆ ಬರುತ್ತದೋ ಅಂತ ತಲೆಗೆ ಹತ್ತಲಿಲ್ಲ. ಭಾನುವಾರ ಮನೆಯಲ್ಲಿ ಕೂತು ಪೆನ್ನಿನಲ್ಲಿ ಬಿಡಿಸಿ ನೋಡಿದೆ. ಬಿಡಿಸುತ್ತಾ ಬಿಡಿಸುತ್ತಾ ಅದನ್ನು ಬಿಎಂಟಿಸಿ ಬಸ್ಸಿನ ಸೀಟಿನ ಕೆಳಗೆ ಉಂಡೆಯಾಗಿ ಕೂರಿಸಿದೆ. ಪಕ್ಕದಲ್ಲಿ ಯಾರದೋ ಹವಾಯಿ ಚಪ್ಪಲಿ. ನನಗೇ ಬಹಳ ಹಿಡಿಸಿತು. ರಾತ್ರಿ 9 ಗಂಟೆಗೆ ಪೋಸ್ಟ್ ಮಾಡಿದೆ. ಒಂದು ಆರ್ಟ್ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದೆ.

ನನ್ನ ಲೆಕ್ಕ ಬಹಳ ಸರಳವಾಗಿತ್ತು. ಪೆನ್ನು ನನ್ನದು, ಪುಸ್ತಕ ನನ್ನದು, ರಜೆ ದಿನ. ಆಫೀಸಿನ ಫೈಲ್ ಮುಟ್ಟಿಲ್ಲ, ಸ್ಕ್ರೀನ್‌ಶಾಟ್ ತೆಗೆದಿಲ್ಲ, ಸೀರೀಸ್ ಹೆಸರು ಬರೆದಿಲ್ಲ, ಮಾಡೆಲ್ ಶೀಟ್ (ಕ್ಯಾರೆಕ್ಟರ್ ಹೇಗಿರಬೇಕು ಅಂತ ತೋರಿಸುವ ಹಾಳೆ) ಥರ ಬಿಡಿಸಿಯೂ ಇಲ್ಲ. ಇದರಲ್ಲಿ ಕ್ಲೈಂಟಿನದು ಅಂತ ಏನಿದೆ?

ಬುಧವಾರ ಸಂಜೆ ಕೋಆರ್ಡಿನೇಟರ್ ಚಾಟ್‌ನಲ್ಲಿ "2 ನಿಮಿಷ ಮೀಟಿಂಗ್ ರೂಮಿಗೆ ಬಾ" ಅಂದರು. ಬೆಳಿಗ್ಗೆ ಒಂದು ಶಾಟ್‌ಗೆ ಕಾಲು ಜಾರುತ್ತಿದೆ, ಅಂದರೆ ನಡೆಯುವಾಗ ಪಾದ ನೆಲಕ್ಕೆ ಊರುತ್ತಿಲ್ಲ, ಅಂತ ರಿಟೇಕ್ ಬಂದಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಲೇಔಟಿನಲ್ಲೇ ನೆಲದ ಗೆರೆ ತಪ್ಪಿದೆ ಅಂತ ವಾದ ಮಾಡಲು ಪೂರ್ತಿ ತಯಾರಾಗಿ, ನೋಟ್‌ಬುಕ್ ಹಿಡಿದುಕೊಂಡು ಹೋದೆ. ಒಳಗೆ ಲೀಡ್ ಇದ್ದರು, ಕೋಆರ್ಡಿನೇಟರ್ ಇದ್ದರು, ಎಚ್ಆರ್ ಮೇಡಂ ಕೂಡ ಇದ್ದರು. ಗೋಡೆಯ ಟೀವಿಯ ಮೇಲೆ, ನಾವು ಡೈಲೀಸ್ (ಆಯಾ ದಿನದ ಶಾಟ್‌ಗಳು) ನೋಡುವ ಅದೇ ಟೀವಿಯ ಮೇಲೆ, ನನ್ನ ಚಿಪ್ಪುಹಂದಿ. ಇಷ್ಟು ದೊಡ್ಡದಾಗಿ ನಾನೇ ನೋಡಿರಲಿಲ್ಲ. ಚಪ್ಪಲಿಯ ಬಾರು ಕೂಡ ಎಷ್ಟು ಚೆನ್ನಾಗಿ ಕಾಣುತ್ತಿತ್ತು.

ನಾನು ಕೇಳಿದೆ, "ಇಷ್ಟ ಆಯ್ತಾ ಸರ್?"

ಇದನ್ನು ನೆನೆಸಿಕೊಂಡರೆ ಈಗಲೂ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇನೆ. ನಿಜವಾಗಲೂ ನಗುತ್ತಾ ಕೇಳಿದ್ದೆ. ಬೋರ್ಡ್ ಟೀಮಿಗೆ ತೆಗೆದುಕೊಳ್ಳುತ್ತಾರೇನೋ ಅಂತ ಒಂದು ಕ್ಷಣ ಮನಸ್ಸು ಓಡಿಯೂ ಬಿಟ್ಟಿತ್ತು. ಎಚ್ಆರ್ ಮೇಡಂ ತಲೆ ಎತ್ತದೆ ಏನೋ ಬರೆದುಕೊಂಡರು. ನಮ್ಮ ಲೀಡ್ ಮಂಗಳೂರಿನವರು, ಸಿಟ್ಟು ಬಂದಾಗ ದನಿ ಇನ್ನೂ ಮೆತ್ತಗಾಗುತ್ತದೆ. "ಇಷ್ಟ ಆಗಿ ಕರೆದದ್ದಲ್ಲ ಮಾರಾಯ್ತಿ" ಅಂದರು.

ಕೋಆರ್ಡಿನೇಟರ್ ಕೆಳಗೆ ಸ್ಕ್ರೋಲ್ ಮಾಡಿದರು. ಕಾಮೆಂಟಿನಲ್ಲಿ ನಮ್ಮದೇ ರಿಗ್ಗಿಂಗ್ ಟೀಮಿನ ಹುಡುಗ ಬರೆದಿದ್ದ: "ಸೀಸನ್ 2 ಹೀರೋ ಬಂದ್ರು, ದಾರಿ ಬಿಡಿ!" ಪಕ್ಕದಲ್ಲಿ ಬೆಂಕಿ ಇಮೋಜಿಗಳ ಸಾಲು. ಅವನ ಪ್ರೊಫೈಲಿನಲ್ಲಿ ಸ್ಟುಡಿಯೋ ಹೆಸರು ಇತ್ತು. ನನ್ನದರಲ್ಲೂ ಇತ್ತು. ಆ ಕ್ಯಾರೆಕ್ಟರನ್ನು ಕ್ಲೈಂಟ್ ಇನ್ನೂ ಯಾರಿಗೂ ತೋರಿಸಿರಲಿಲ್ಲ. ಆಟಿಕೆ ಮಾಡುವವರ ಜೊತೆ ಅದರ ಮಾತುಕತೆ ನಡೆಯುತ್ತಿತ್ತಂತೆ, ಅದು ನನಗೆ ಗೊತ್ತಾದದ್ದೇ ಆ ರೂಮಿನಲ್ಲಿ.

"ಈಗಲೇ ತೆಗಿ" ಅಂದರು. ಟೈಮ್ 6 ದಾಟಿತ್ತು. ನಮಗೆ ಸಂಜೆ ಆರೂವರೆ ಅಂದರೆ, ಅದು ಬೇಸಿಗೆಯಾದ್ದರಿಂದ, ಟೊರಾಂಟೊದಲ್ಲಿ ಬೆಳಿಗ್ಗೆ 9. ಅವರು ಕಾಫಿ ಹಿಡಿದು ಕೂರುವ ಹೊತ್ತು. ತೆಗೆಯೋಣ ಅಂದರೆ ಫೋನ್ ಎಲ್ಲಿದೆ? ಕೆಳಗೆ ಲಾಕರಿನಲ್ಲಿ. ಸೆಕ್ಯುರಿಟಿ ಆಡಿಟ್ ಇರುವ ಫ್ಲೋರಿಗೆ ಫೋನ್ ತರುವ ಹಾಗಿಲ್ಲ, ನಮ್ಮ ಮೆಷಿನ್‌ಗಳಿಗೆ ಇಂಟರ್‌ನೆಟ್ ಇಲ್ಲ. ಲಿಫ್ಟ್ ಬರಲಿಲ್ಲ, ಮೆಟ್ಟಿಲು ಇಳಿದೆ. ಕೆಳಗೆ ಗಾರ್ಡ್ ರಿಜಿಸ್ಟರ್ ಮುಂದಿಟ್ಟರು. ಹೆಸರು, ಟೈಮು, ಸಹಿ, ಕಾರಣ. ಕಾರಣ ಅಂತ ಏನು ಬರೆಯಲಿ? "ಪರ್ಸನಲ್" ಅಂತ ಬರೆದೆ. ಫೋನ್ ಆನ್ ಆಯಿತು, ಬ್ಯಾಟರಿ ಕೆಂಪು. ಕೈ ನಡುಗಿ ಡಿಲೀಟ್ ಬದಲು ಆರ್ಕೈವ್ ಒತ್ತಿದೆ, ಮತ್ತೆ ಹುಡುಕಿ ಡಿಲೀಟ್ ಮಾಡಿದೆ. ಆಮೇಲೆ ವಾಟ್ಸ್ಆ್ಯಪ್ ಗುಂಪು ನೆನಪಾಯಿತು. ಅಲ್ಲಿ ಎಲ್ಲರಿಗೂ ಡಿಲೀಟ್ ಮಾಡುವ ಆಯ್ಕೆ ಎರಡೂವರೆ ದಿನ ಮಾತ್ರ ಇರುತ್ತದೆ ಅನ್ನುವುದು ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಭಾನುವಾರ ರಾತ್ರಿ ಹಾಕಿದ್ದು, ಬುಧವಾರ ಸಂಜೆಗೆ ಆ ಬಟನ್ನೇ ಇಲ್ಲ. "ನನಗೆ ಮಾತ್ರ ಡಿಲೀಟ್" ಅಂತಷ್ಟೇ ತೋರಿಸುತ್ತಿದೆ. ಅಂದರೆ ಆ ಚಿತ್ರ ನೋಡಬಾರದವರೆಲ್ಲ ನೋಡಬಹುದು, ನಾನೊಬ್ಬಳು ಬಿಟ್ಟು.

ಮೇಲೆ ಬಂದು ಏದುಸಿರು ಬಿಡುತ್ತಾ "ಎಲ್ಲಾ ತೆಗೆದೆ" ಅಂದೆ. ಗುಂಪಿನ ವಿಷಯ ಹೇಳಲೋ ಬೇಡವೋ ಅಂತ ಒಂದು ಗುಟುಕು ನುಂಗಿ, ಹೇಳಿದೆ. ಜೊತೆಗೆ ನನ್ನ ಸಲಹೆಯನ್ನೂ ಸೇರಿಸಿದೆ: ಅಲ್ಲಿ ಯಾರೂ ಆ ಸೀರೀಸ್ ನೋಡುವವರಲ್ಲ, ಸುಮ್ನೆ ಬಿಟ್ಟುಬಿಡೋಣ, ಕ್ಲೈಂಟಿಗೆ ಹೇಳಿದರೆ ಸುಮ್ಮನೆ ದೊಡ್ಡದಾಗುತ್ತದೆ. ಲೀಡ್‌ಗೂ ಅದೇ ಸರಿ ಅನ್ನಿಸಿತ್ತು ಅಂತ ಕಾಣುತ್ತದೆ, ಅವರು ಬಾಯಿ ಬಿಡಲಿಲ್ಲ.

ಕೋಆರ್ಡಿನೇಟರ್ ಒಪ್ಪಲಿಲ್ಲ. ನಮ್ಮೆದುರೇ ಕೂತು ಮೇಲ್ ಟೈಪ್ ಮಾಡಿದರು. ಯಾವಾಗ ಹಾಕಿದ್ದು, ಎಲ್ಲಿ, ಎಷ್ಟು ಹೊತ್ತು ಇತ್ತು, ಎಲ್ಲಿಂದ ತೆಗೆದಾಯಿತು, ಎಲ್ಲಿಂದ ತೆಗೆಯಲು ಆಗಲಿಲ್ಲ. ಕ್ಷಮೆ ಒಂದೇ ಸಾಲು, ಅದೂ ಕೊನೆಯಲ್ಲಿ. ನನ್ನ ಹೆಸರು ಹಾಕಲಿಲ್ಲ, "ಟೀಮಿನ ಒಬ್ಬ ಆರ್ಟಿಸ್ಟ್" ಅಂತ ಬರೆದರು. ಅಂಥ ಮೇಲ್ ನಾನಾಗಿದ್ದರೆ ಮೂರು ಪುಟ ಬರೆದು ಅದರಲ್ಲಿ ಗಾಂಧಿ ಬಜಾರನ್ನೂ ಸೇರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಎರಡೇ ಸಾಲು. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಲಿಂಕ್ ನಮಗೆ ನಿನ್ನೆಯೇ ಸಿಕ್ಕಿತ್ತು.

ನಿನ್ನೆಯೇ! ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಲೀಡ್ ನೀರಿನ ಬಾಟಲಿ ಎತ್ತಿ ಅರ್ಧ ಖಾಲಿ ಮಾಡಿದರು.

ನನಗೆ ವಾರ್ನಿಂಗ್ ಲೆಟರ್ ಬಂತು, ರಿಗ್ಗಿಂಗ್ ಹುಡುಗನಿಗೂ ಬಂತು. ಮರುವಾರ ಇಡೀ ಫ್ಲೋರಿಗೆ ಎನ್‌ಡಿಎ (ಕೆಲಸದ ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಒಪ್ಪಂದ) ಬಗ್ಗೆ ಒಂದು ಸೆಷನ್ ಇಟ್ಟರು. ಅದಕ್ಕೆ ಸಮಯ ಹೋದರೂ ಆ ದಿನದ ಕೋಟಾ ಕಡಿಮೆ ಮಾಡಲಿಲ್ಲ, ಎಲ್ಲರೂ ನನ್ನ ಕಡೆ ಕೆಂಗಣ್ಣು ಬಿಟ್ಟರು. ಅದೇ ಮಾತನ್ನು ಸೇರುವ ದಿನವೇ ಸರಿಯಾಗಿ ಹೇಳಬಹುದಿತ್ತು ಅನ್ನುವುದು ನನ್ನ ತಕರಾರು. ಆ ದಿನ ಪಿಎಫ್ ಫಾರ್ಮಿಗೂ ಐಡಿ ಕಾರ್ಡಿನ ಫೋಟೋಗೂ ನಡುವೆ ಒಂದು ದಪ್ಪ ಪಿಡಿಎಫ್ ಕೊಟ್ಟು, ಇಲ್ಲಿ ಸಹಿ, ಇಲ್ಲಿ ಸಹಿ ಅಂದಿದ್ದರು. ಅದರಲ್ಲಿ "ಕ್ಯಾರೆಕ್ಟರಿನ ಯಾವುದೇ ರೂಪ" ಅನ್ನುವ ಮಾತು ಇತ್ತು. ಲೆಟರ್ ಬಂದ ಮೇಲೆ ಓದಿದೆ.

ಓದುವಾಗ ಇನ್ನೂ ಕೆಲವು ಗೊತ್ತಾದವು. ನಾವು ನೌಕರಿಯ ಭಾಗವಾಗಿ ಮಾಡಿದ ಕೆಲಸಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ಕಂಪನಿಯೇ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಇದೆ. ಅದೇ ಕಾಯ್ದೆಯ 57ನೇ ಸೆಕ್ಷನ್, ಹಕ್ಕು ಕೊಟ್ಟುಬಿಟ್ಟ ಮೇಲೂ "ಇದನ್ನು ಮಾಡಿದ್ದು ನಾನು" ಅಂತ ಹೇಳಿಕೊಳ್ಳುವ ಹಕ್ಕು ಮಾಡಿದವರಿಗೆ ಉಳಿಯುತ್ತದೆ ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಸೀರೀಸ್ ಬಂದಾಗ ಕೊನೆಯ ಕ್ರೆಡಿಟ್ಸ್ ತನಕ ಅಮ್ಮನನ್ನು ಎಬ್ಬಿಸಿ ಕೂರಿಸಿದ್ದೆ. ನಮ್ಮ ಕಡೆಯಿಂದ ಸ್ಟುಡಿಯೋ ಹೆಸರು, ಇಬ್ಬರು ಲೀಡ್‌ಗಳ ಹೆಸರು. ಮುಗಿಯಿತು. "ನಿನ್ನದು ಎಲ್ಲಿ?" ಅಂದರು ಅಮ್ಮ. ಔಟ್‌ಸೋರ್ಸ್ ಕೆಲಸದಲ್ಲಿ ಹೀಗೇ ಅಂತ ವಿವರಿಸಲು ಹೋಗಿ ಬಿಟ್ಟೆ.

ರೀಲ್, ಅಂದರೆ ಬೇರೆ ಕಡೆ ಕೆಲಸ ಕೇಳುವಾಗ ತೋರಿಸುವ ನಮ್ಮ ಶಾಟ್‌ಗಳ ವಿಡಿಯೋ, ಅದರ ಕಥೆಯೂ ಇದೇ. ಸೀರೀಸ್ ಬರುವ ತನಕ ಶಾಟ್ ತೋರಿಸುವ ಹಾಗಿಲ್ಲ, ಪಾಸ್‌ವರ್ಡ್ ಹಾಕಿದ ಲಿಂಕ್ ಕೂಡ ಆಗುವುದಿಲ್ಲ. ಬಂದ ಮೇಲೂ ಲಿಖಿತ ಒಪ್ಪಿಗೆ ಬೇಕು. ಒಮ್ಮೆ ಇಲ್ಲೇ ಬೆಂಗಳೂರಿನಲ್ಲಿ ಪೋರ್ಟ್‌ಫೋಲಿಯೋ ರಿವ್ಯೂಗೆ ಹೋಗಿದ್ದೆ. ಕಾಲೇಜು ಹುಡುಗರೆಲ್ಲ ಟ್ಯಾಬ್ ತುಂಬಾ ಕೆಲಸ ತಂದಿದ್ದರು. ದಿನವಿಡೀ ಅನಿಮೇಷನ್ ಮಾಡುವ ನನ್ನ ಹತ್ತಿರ ಕಾಲೇಜಿನ ಹಳೇ ವಾಕ್ ಸೈಕಲ್ (ನಡಿಗೆಯ ಅನಿಮೇಷನ್) ಒಂದೇ. ಅದರಲ್ಲೂ ಕಾಲು ಜಾರುತ್ತಿತ್ತು.

ಆಮೇಲೆ ಪೂರ್ತಿ ನನ್ನದೇ ಆದ ಒಂದನ್ನು ಶುರು ಮಾಡಿದೆ. ಸುಮಾರು 40 ಸೆಕೆಂಡಿನ ತುಣುಕು. ಕಥೆ ಇಷ್ಟೇ: ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬರುತ್ತದೆ, ಒಬ್ಬಾತ ಹೊರಗಿನಿಂದಲೇ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುತ್ತಾನೆ, ಒಳಗೆ ಬಂದು ನೋಡಿದರೆ ಟವೆಲ್ ಮಡಿಚಿ ಪಕ್ಕಕ್ಕಿಟ್ಟು ಒಬ್ಬರು ಅಜ್ಜಿ ಕೂತಿದ್ದಾರೆ. ಆಫೀಸಿನ ಲೈಸೆನ್ಸ್ ಮುಟ್ಟಲಿಲ್ಲ, ಅವರ ಟ್ಯಾಬ್ಲೆಟ್ಟೂ ಮುಟ್ಟಲಿಲ್ಲ. ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ಚಿತ್ರ ಬಿಡಿಸಲು ಗ್ರೀಸ್ ಪೆನ್ಸಿಲ್ ಇದೆಯಲ್ಲ, ಉಚಿತ, ಸಾಕು. ಶುರು ಮಾಡುವ ಮೊದಲೇ ಎಚ್ಆರ್‌ಗೆ ಒಂದು ಮೇಲ್ ಹಾಕಿ "ಇದು ನನ್ನ ಸ್ವಂತದ್ದು" ಅಂತ ತಿಳಿಸಿ ಉತ್ತರ ತೆಗೆದಿಟ್ಟುಕೊಂಡೆ.

ಬೋರ್ಡ್ ಮಾಡಿ ಲೀಡ್‌ಗೆ ತೋರಿಸಿದೆ. ಅವರು ಪ್ಯಾನೆಲ್ ಪ್ಯಾನೆಲ್ ನೋಡುತ್ತಾ ಹೋಗಿ ಒಂದರ ಹತ್ತಿರ ನಿಂತರು. "ಈ ಟವೆಲ್ ಯಾರದ್ದು ಮಾರಾಯ್ತಿ?"

"ಅದೇ ಸರ್, ಅವನು ಎಸೆದದ್ದು."

"ಅವನು ಎಸೆದದ್ದು ಎಡದಿಂದ ಬಲಕ್ಕೆ ಅಲ್ವಾ? ಇದು ಬಲದಿಂದ ಬರ್ತಾ ಉಂಟು. ಆಚೆ ಕಿಟಕಿಯಿಂದ ಬೇರೆ ಯಾರೋ ಎಸೆದ ಹಾಗೆ ಉಂಟು."

ಹೌದು. ಹೊರಗಿನ ಶಾಟ್ ಒಂದು ಬದಿಯಿಂದ, ಒಳಗಿನದು ಗೆರೆಯ ಆಚೆ ಬದಿಯಿಂದ. 180 ಡಿಗ್ರಿ ಪಾಠ (ದೃಶ್ಯದ ನಡುವೆ ಒಂದು ಗೆರೆ ಇದೆ ಅಂದುಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಇರಬೇಕು ಅನ್ನುವುದು) ಕಾಲೇಜಿನಲ್ಲಿ ಕಂಠಪಾಠ ಮಾಡಿದ್ದೆ, ಬಸ್ಸಿನ ಒಳಗೆ ಹತ್ತಿದ ಕೂಡಲೇ ಮರೆತುಹೋಗಿತ್ತು. ಒಳಗಿನ ಕ್ಯಾಮೆರಾ ತಿರುಗಿಸಿದರೆ ಅಜ್ಜಿಯ ಮುಖ ಸಿಗುವುದಿಲ್ಲ. ಕೊನೆಗೆ ನಡುವೆ ಒಂದು ಶಾಟ್ ಸೇರಿಸಿದೆ: ಸೀಟಿನಿಂದ ನೇರ ಕಿಟಕಿಯ ಕಡೆ ನೋಡುತ್ತಿರುವಂತೆ, ಟವೆಲ್ ಬಿಚ್ಚಿಕೊಳ್ಳುತ್ತಾ ಕ್ಯಾಮೆರಾ ಮೇಲೇ ಬಂದು ಬೀಳುತ್ತದೆ, ಪರದೆ ಪೂರ್ತಿ ಟವೆಲ್. ಅಲ್ಲಿಂದ ಯಾವ ಬದಿಗೆ ಹೋದರೂ ಕಣ್ಣಿಗೆ ತೊಡಕಾಗುವುದಿಲ್ಲ. ಈಗ ಇಡೀ ತುಣುಕಿನಲ್ಲಿ ನನಗೆ ಇಷ್ಟವಾದ ಶಾಟ್ ಅದೇ.

ಟವೆಲ್ ಗಾಳಿಯಲ್ಲಿ ಇರುವುದು 8 ಫ್ರೇಮು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ. ಅದರ ರೆಫರೆನ್ಸಿಗೆ ನಡುಮನೆಯಲ್ಲಿ ಸೋಫಾದ ಮೇಲೆ ಟವೆಲ್ ಎಸೆದು ಎಸೆದು ವಿಡಿಯೋ ಮಾಡಿದೆ. ಒಣಗಿದ್ದು ಹಾರಿ ಎಲ್ಲೋ ಬೀಳುತ್ತದೆ, ಒದ್ದೆಯದು ಕಲ್ಲಿನ ಹಾಗೆ ಹೋಗುತ್ತದೆ. ಮೂಲೆಯಲ್ಲಿ ಒಂದು ಗಂಟು ಹಾಕಿದರೆ ಮಾತ್ರ ಗುರಿ ಸರಿಯಾಗುತ್ತದೆ, ಬಾಕಿ ಬಟ್ಟೆ ಹಿಂದಿನಿಂದ ಎಳೆದುಕೊಂಡು ಬರುತ್ತದೆ. "ಬಸ್ಸಿಗೆ ಹೋಗುವವರು ಯಾರಾದರೂ ಒದ್ದೆ ಟವೆಲ್ ಎಸೆಯುತ್ತಾರಾ?" ಅಂತ ಅಮ್ಮ ಅಡುಗೆಮನೆಯಿಂದಲೇ ನೋಟ್ಸ್ ಕೊಟ್ಟರು. ಅದೂ ಸರಿಯೇ.

ಒರಟು ಥಂಬ್‌ನೇಲ್‌ಗಳನ್ನು, ಅಂದರೆ ಬೋರ್ಡಿನ ಚಿಕ್ಕ ಚಿಕ್ಕ ಕರಡು ಚಿತ್ರಗಳನ್ನು, ಬಾಣದ ಗುರುತು, ಗೀಚಿದ್ದು, ಕಾಟು ಹೊಡೆದದ್ದು ಎಲ್ಲ ಹಾಗೇ ಇಟ್ಟು ಪೋಸ್ಟ್ ಮಾಡಿದೆ. ಬಣ್ಣ ಹಚ್ಚಿ ಚೆಂದ ಮಾಡಿ ಹಾಕಿದ ಚಿತ್ರಗಳಿಗೆ "ಸೂಪರ್" ಅಂತ ಬರುತ್ತದೆ, ಅಷ್ಟೇ. ಇವುಗಳಿಗೆ ಬೋರ್ಡ್ ಮಾಡುವವರು ಬಂದು ಜಗಳ ಆಡುತ್ತಾರೆ: ಈ ಕಟ್ ಬೇಗ ಆಯಿತು, ಅಜ್ಜಿಯನ್ನು ಮೊದಲೇ ತೋರಿಸಬೇಡ, ಇಲ್ಲಿ ಒಂದು ಹೋಲ್ಡ್ ಕೊಡು (ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿಸು). ಆ ಜಗಳದಿಂದ ಕಲಿತಷ್ಟು ಬೇರೆ ಎಲ್ಲೂ ಕಲಿಯಲಿಲ್ಲ. ಸ್ಟುಡಿಯೋದಲ್ಲೂ ಈಗ ಆಗಾಗ ಬೋರ್ಡ್ ರಿವಿಷನ್ (ಬೋರ್ಡ್ ತಿದ್ದುವ ಕೆಲಸ) ಕೊಡುತ್ತಾರೆ. ಸಂಬಳ ಮಾತ್ರ ಅನಿಮೇಟರಿನದ್ದೇ, ಕೋಟಾವೂ ಹಾಗೇ ಇದೆ. ಕೇಳಿದರೆ "ಎಕ್ಸ್‌ಪೋಷರ್" ಅನ್ನುತ್ತಾರೆ.

ಆ ಹುಡುಗಿಗೆ ಹೇಳಿದ್ದು ಇಷ್ಟು: ಮೊದಲು ಪಿಡಿಎಫ್ ಓದು, ಕೆಲಸದ ಕ್ಯಾರೆಕ್ಟರನ್ನು ಮನೆ ಪುಸ್ತಕದಲ್ಲಿ ಎಷ್ಟು ಬೇಕಾದರೂ ಬಿಡಿಸು, ಪುಸ್ತಕದ ಹೊರಗೆ ತರಬೇಡ. ಏನಾದರೂ ಆಗಿಹೋದರೆ ಅವತ್ತೇ ಕೋಆರ್ಡಿನೇಟರ್‌ಗೆ ಹೇಳು, ಮೂರು ದಿನ ಬಿಟ್ಟು ಟೀವಿಯಲ್ಲಿ ನೋಡಬೇಡ.

ಟವೆಲ್ ತುಣುಕು ಈಗ ಕ್ಲೀನಪ್ಪಿನಲ್ಲಿದೆ, ಅಂದರೆ ಒರಟು ಗೆರೆಗಳನ್ನು ನೀಟಾಗಿ ಬಿಡಿಸುವ ಹಂತದಲ್ಲಿ. ಕಂಡಕ್ಟರ್ ದನಿ ಇನ್ನೂ ಸಿಕ್ಕಿಲ್ಲ. ನನ್ನ ತಮ್ಮ ಹೇಳಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಕೇಳುತ್ತದೆ. "ಒಳಗೆ ಹೋಗಿ, ಒಳಗೆ ಜಾಗ ಇದೆ" ಅಂತ, ಒಳಗೆ ಜಾಗವೇ ಇಲ್ಲದಾಗ ಹೇಳುತ್ತಾರಲ್ಲ, ಆ ದನಿ ಬೇಕು. ಬರುವವರಿದ್ದರೆ ಹೇಳಿ. ಕೊಡಲು ದುಡ್ಡಿಲ್ಲ, ಕ್ರೆಡಿಟ್ಸಿನಲ್ಲಿ ಹೆಸರು ಮಾತ್ರ ದೊಡ್ಡದಾಗಿ ಹಾಕುತ್ತೇನೆ.